ಒನಕೆ ಸದ್ದಿಗೆ ಬರುತ್ತಿದ್ದ ದುಗ್ಗಪ್ಪಣ್ಣ

ದುಗ್ಗಪ್ಪಣ್ಣನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವನ ಅಂಗಾಲು. ಸಾಗರದ ನಮ್ಮ ಬೀದಿಯಲ್ಲಿ ಆಗ ಇದ್ದ ಯಾರನ್ನು ಕೇಳಿದರೂ ಇದನ್ನೇ ಹೇಳಿಯಾರು. ರಸ್ತೆ ಬದಿಗೊಂದು ಗುಂಡಿ, ಗುಂಡಿಯ ಗೋಡೆಯಲ್ಲೊಂದು ತೂತು, ತೂತಿನಿಂದ ಹೊರಗೆ ಎರಡು ಅಂಗಾಲು. ಅಷ್ಟು ಕಂಡರೆ ದುಗ್ಗಪ್ಪಣ್ಣ ಡ್ಯೂಟಿಯಲ್ಲಿದ್ದಾನೆ ಎಂದು ತಿಳಿದುಕೊಳ್ಳಬೇಕು. ಪೇಟೆಗೆ ಹೋಗುವವರು ಗುಂಡಿಗೆ ಬಗ್ಗಿ ಆ ಅಂಗಾಲುಗಳನ್ನೇ ಆರಾಮಾ ಎಂದು ಕೇಳುವರು. ಬಲಗಾಲಿನ ಹೆಬ್ಬೆರಳು ಒಮ್ಮೆ ಅಲ್ಲಾಡುವುದು. ಆರಾಮೇ ಎಂದುಕೊಂಡು ಅವರು ಮುಂದೆ ಹೋಗುವರು. ಒಂದು ಸಲ ಸಂತೆಯಲ್ಲಿ ಅವನು ನೆಟ್ಟಗೆ ನಿಂತು ಮಾತಾಡಿಸಿದಾಗ ನಮ್ಮವ್ವನಿಗೆ ಗುರುತೇ ಹತ್ತಲಿಲ್ಲ. ಮೇಲಿಂದ ಕೆಳಗೆ ನೋಡುತ್ತ ಬಂದು, ಎಡ ಹಿಮ್ಮಡಿಯ ಒಡಕು ಕಂಡ ಮೇಲೆ "ಓ, ನೀನಾ" ಅಂದಳು. ಅವನಿಗೇನೂ ಬೇಜಾರಾಗಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು.

ನಾನು ಹೇಳುತ್ತಿರುವುದು ಅರವತ್ತರ ದಶಕದ ಮಾತು. ನೆಲದೊಳಗೆ ಹೂತಿದ್ದ ಬೀಡುಕಬ್ಬಿಣದ ಪೈಪುಗಳು ಸಂದುಸಂದಿನಲ್ಲಿ ಸೋರಲು ಶುರುವಾಗಿದ್ದವು. ಸೋರಿದ ಕಡೆ ನೀರಿನ ಆಫೀಸಿನ ಗ್ಯಾಂಗು ಬಂದು ರಸ್ತೆಯನ್ನು ಈ ಬದಿಯಿಂದ ಆ ಬದಿಗೆ ಸೀಳಿ ಹಾಕುತ್ತಿತ್ತು. ಆಮೇಲೆ ವಾರಗಟ್ಟಲೆ ಗಾಡಿ ಎತ್ತುಗಳಿಗೂ ಕಷ್ಟ, ಮುದುಕರಿಗೂ ಕಷ್ಟ. ಒಮ್ಮೆ ಪೋಸ್ಟ್‌ಮ್ಯಾನ್ ಸೈಕಲ್ ಸಮೇತ ಹೊಂಡಕ್ಕೆ ಬಿದ್ದು, ಬೀದಿಯ ಕಾಗದಗಳೆಲ್ಲ ನೆನೆದು ಮುದ್ದೆಯಾಗಿ, ಯಾರ ಮನೆ ಮಗಳಿಗೆ ಗಂಡು ಹುಟ್ಟಿತು, ಯಾರ ಮನೆ ಮಗಳಿಗೆ ಹೆಣ್ಣು ಹುಟ್ಟಿತು ಎಂದು ತಿಳಿಯಲು ಎರಡು ಸಂತೆ ಕಳೆಯಬೇಕಾಯಿತು.

ದುಗ್ಗಪ್ಪಣ್ಣನ ರೀತಿಯೇ ಬೇರೆ. ಅವನು ಹುಲಿಕಲ್ ಕಡೆಯವನು. ಶರಾವತಿ ಕೆಲಸದಲ್ಲಿ ನಾಲ್ಕಾರು ವರ್ಷ ಗುಡ್ಡ ಕೊರೆದು, ಆ ಕೆಲಸ ಮುಗಿದ ಮೇಲೆ ನೀರಿನ ಆಫೀಸಿಗೆ ಸೇರಿದ್ದ. ಲಾರಿ ಹೋಗುವಂಥ ಸುರಂಗ ತೋಡಿದವನಿಗೆ ತಾನೊಬ್ಬ ತೂರುವ ಬಿಲ ಎಷ್ಟರದು? ರಸ್ತೆಯ ಅಂಚಿನಲ್ಲಿ ಎದೆಮಟ್ಟ ಒಂದೇ ಗುಂಡಿ ತೋಡುವನು. ಅಲ್ಲಿಂದ ರಸ್ತೆಯ ಅಡಿಗೆ, ಮೋಟು ಹಿಡಿಕೆಯ ಪಿಕಾಸಿ ಹಿಡಿದು ಬೋರಲು ಮಲಗಿ ತೂರುವನು. ಕಿತ್ತ ಮಣ್ಣನ್ನು ಅಡಿಕೆ ಹಾಳೆಗೆ ತುಂಬಿ ಕಾಲಿನಿಂದ ಹಿಂದಕ್ಕೆ ತಳ್ಳಿದರೆ ಹೊರಗಿದ್ದವರು ಹಗ್ಗ ಹಿಡಿದು ಎಳೆದುಕೊಳ್ಳಬೇಕು. ಜೊತೆಗೊಂದು ಚಿಮಣಿ ಬುಡ್ಡಿ. ಅದು ಮಂಕಾದರೆ ಗಾಳಿ ಸಾಲದೆಂದು ಹಿಂದೆ ಸರಿಯುವನು. ನಮ್ಮೂರಿನ ಜಂಬಿಟ್ಟಿಗೆ ಮಣ್ಣು ಗಟ್ಟಿ ಜಾತಿಯದು, ಸುಲಭಕ್ಕೆ ಕುಸಿಯುವುದಿಲ್ಲ. ಸೋರುವ ಜಾಗ ಸಿಕ್ಕಿದ ಮೇಲೆ ಸೆಣಬು ಸುತ್ತಿ, ಸಫೇದದ ಬಿಳಿ ಅಂಟು ಬಳಿದು, ಕಬ್ಬಿಣದ ಪಟ್ಟಿ ಬಿಗಿದು, ಬಂದ ದಾರಿಗೆ ಮಣ್ಣು ಗಿಡಿಯುತ್ತ ವಾಪಸು ಬರುವನು. ಅಷ್ಟು ಹೊತ್ತೂ ಮೇಲೆ ಗಾಡಿಗಳು ಓಡಾಡುತ್ತಿದ್ದವು, ನಡುರಸ್ತೆಯ ನಾಯಿ ಮಲಗಿದಲ್ಲೇ ಮಲಗಿರುತ್ತಿತ್ತು.

"ಮೇಲಿನೋರಿಗೆ ಗೊತ್ತಾಗ್ಬಾರ್ದು ತಂಗಿ. ಗೊತ್ತಾತು ಅಂದ್ರೆ ಅದು ಕೆಲ್ಸ ಅಲ್ಲ, ಗಲಾಟೆ" ಎಂದು ನನಗೆ ಎಷ್ಟೋ ಸಲ ಹೇಳಿದ್ದಾನೆ. ಗ್ಯಾಂಗಿನವರು ಸೀಳಿದ ರಸ್ತೆ ಕಂಡರೆ ಅವನ ಮುಖ ಹುಳ್ಳಗಾಗುತ್ತಿತ್ತು. ಹಲ್ಲು ನೋವು ಅಂದ್ರೆ ದವಡೆ ಕುಯ್ತಾರಾ ಎಂದು ಗೊಣಗುತ್ತ ಎಲೆಯಡಿಕೆ ಉಗಿಯುತ್ತಿದ್ದ.

ಅದು ಸರಿ, ಕತ್ತಲೆಯ ನೆಲದೊಳಗೆ ದಿಕ್ಕು ತಿಳಿಯುವುದು ಹೇಗೆ? ಅದಕ್ಕೆ ಬೆಳ್ಳಕ್ಕ ಇದ್ದಳು, ಅವನ ಹೆಂಡತಿ. ಸೋರುವ ಜಾಗದ ಮೇಲೆ ಅವಳು ಒನಕೆ ಹಿಡಿದು ನಿಲ್ಲುವಳು. ನಿಧಾನವಾಗಿ ಒಂದೊಂದೇ ಬಡಿದರೆ 'ಈ ಕಡೆ ಬಾ' ಎಂದು ಅರ್ಥ. ದುಗ್ಗಪ್ಪಣ್ಣ ಆ ಸದ್ದಿಗೇ ತೋಡಿಕೊಂಡು ಬರುವನು. ಟಕಟಕ ಎಂದು ಎರಡು ಬಡಿತ ಜೊತೆಗೆ ಬಿದ್ದರೆ 'ಸಾಕು, ಮೇಲೆ ಬಾ, ಊಟ' ಎಂದು. ಬೆಳ್ಳಕ್ಕ ಬಾಯಿಬಿಟ್ಟು ಮಾತಾಡಿದ್ದನ್ನು ಕೇಳಿದವರು ಊರಲ್ಲಿ ಕಡಿಮೆ. ಏನಿದ್ದರೂ ಒನಕೆಯಲ್ಲೇ. ಒಂದು ದಿನ ಗಂಡ ಹೆಂಡಿರಿಗೆ ಸಾರಿನ ಉಪ್ಪಿನ ವಿಷಯಕ್ಕೆ ಜಗಳವಾಗಿ, ಅವಳು ಬೇಕೆಂದೇ ಆಚೀಚೆ ನಡೆಯುತ್ತ ಬಡಿದು, ಅವನನ್ನು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ನೆಲದೊಳಗೆ ಸುತ್ತಾಡಿಸಿದ್ದಳಂತೆ. ಅವನು ಮಾತ್ರ ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ. ಸಾವಿರ ಬಡಿತ ಒಟ್ಟಿಗೆ ಕೇಳಿದರೂ ಬೆಳ್ಳಿಯದು ಯಾವುದೆಂದು ತನಗೆ ಗೊತ್ತಾಗುತ್ತದೆ ಎನ್ನುತ್ತಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮದುವೆ ಇದರ ಮೇಲೇ ನಿಂತಿದೆ.

ಕೆಳಗೆ ಮಲಗಿ ಮಲಗಿ ಅವನಿಗೆ ಮೇಲೆ ನಡೆಯುವವರ ಹೆಜ್ಜೆಯೆಲ್ಲ ಬಾಯಿಪಾಠವಾಗಿತ್ತು. ಮಾತೂ ಚೆನ್ನಾಗಿ ಕೇಳುತ್ತಿತ್ತಂತೆ. ಟೀ ಹೋಟೆಲಿನ ಎದುರು ಒಂದು ದಿನ ದಲ್ಲಾಳಿಯೊಬ್ಬ ರಿಪ್ಪನ್‌ಪೇಟೆಯ ಗೌಡರಿಗೆ ಎಮ್ಮೆ ತೋರಿಸುತ್ತಿದ್ದ. ಹೊತ್ತಿಗೆ ನಾಲ್ಕು ಸೇರು ಹಾಲು ಎಂದ. ಗೌಡರು ನಂಬಲಿಲ್ಲ. ದಲ್ಲಾಳಿ ಬಗ್ಗಿ, ನೆಲ ಮುಟ್ಟಿ, ಭೂಮಿತಾಯಿ ಆಣೆ ಎಂದ. ಅವನ ಕೈಯ ಅಡಿಯಿಂದಲೇ, "ನನ್ನ ಎಂತಕ್ಕೆ ಎಳೀತೀಯ? ಅದು ಕೊಡೋದು ಒಂದೂವರೆ ಸೇರು" ಎಂದು ದಪ್ಪ ದನಿಯೊಂದು ಬಂತು. ದಲ್ಲಾಳಿ ಅಲ್ಲೇ ಉದ್ದಂಡ ಬಿದ್ದ. ಬಿದ್ದವನು ಎಮ್ಮೆಯ ನಿಜವಾದ ಪ್ರಾಯ, ಅದು ಒದೆಯುವ ಚಾಳಿ, ಅದರ ಹಿಂದಿನ ಮೂರು ಯಜಮಾನರ ಹೆಸರು ಎಲ್ಲವನ್ನೂ ಕೇಳದೆಯೇ ಒಪ್ಪಿಸಿದ. ಗೌಡರು ಮಾತ್ರ ಗಟ್ಟಿಗರು. ಸ್ವಲ್ಪ ಆಚೆ ಗುಂಡಿಯಲ್ಲಿದ್ದ ಅಂಗಾಲುಗಳನ್ನು ನೋಡಿ, ಬಂದ ನಗುವನ್ನು ಶಾಲಿನಲ್ಲಿ ಮುಚ್ಚಿಕೊಂಡು ಬೇರೆ ಎಮ್ಮೆ ನೋಡಲು ಹೋದರು.

ಇನ್ನು ನನ್ನ ಮದುವೆಯ ವಿಷಯ. ನನಗಾಗ ಇಪ್ಪತ್ತಮೂರು. ಆ ಕಾಲಕ್ಕೆ ಅದು ವಯಸ್ಸು ಮೀರಿದ ಲೆಕ್ಕವೇ. ಕೂಡಿ ಬಂದಿದ್ದ ಎರಡು ಸಂಬಂಧ ತಪ್ಪಿಹೋಗಿದ್ದವು, ಒಂದು ಸೀನಿಗೆ, ಒಂದು ಹಲ್ಲಿ ಲೊಚಗುಟ್ಟಿದ್ದಕ್ಕೆ. ಮೂರನೆಯದು ಕೋಣಂದೂರಿನ ಹುಡುಗ. ನಮ್ಮ ಅಪ್ಪಯ್ಯನದು ಗೋಲಿ ಸೋಡಾ ಮಾಡುವ ಕಸುಬು. ಹೆಣ್ಣು ನೋಡಲು ಬಂದವನಿಗೆ ಅವರು ಸಂಭ್ರಮದಿಂದ ಸೋಡಾ ಕೊಟ್ಟರೆ, ಗೋಲಿ ಒತ್ತುವ ರಭಸಕ್ಕೆ ಅರ್ಧ ಬಾಟಲಿ ಅವನ ಮುಖಕ್ಕೇ ಚಿಮ್ಮಿತು. ನಮ್ಮ ಮನೆಯವರೆಲ್ಲ ಹೆದರಿ ನಿಂತರು. ಆ ಹುಡುಗ ಮುಖ ಒರೆಸಿಕೊಂಡು, ಗ್ಯಾಸು ಚೆನ್ನಾಗಿದೆ ಎಂದು ನಕ್ಕುಬಿಟ್ಟ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನಾನು, ಮದುವೆಯಾದರೆ ಇವನನ್ನೇ ಎಂದು ಅಲ್ಲೇ ತೀರ್ಮಾನಿಸಿದೆ.

ಕಷ್ಟವಿದ್ದದ್ದು ಅವನ ಅಜ್ಜಿಯದು. ಆ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ಶಾಸ್ತ್ರ ಸಂಪ್ರದಾಯದಲ್ಲಿ ಕೂದಲೆಳೆ ಬಿಡುವವರಲ್ಲ. ಮದುವೆಗೆ ನಾಲ್ಕು ದಿನ ಮುಂಚೆ ಪೂಜೆ ಮಾಡಿ ಚಪ್ಪರದ ಹಾಲುಗಂಬ ನೆಡುತ್ತೇವಲ್ಲ, ಅದನ್ನು ಮದುವೆ ಮುಗಿಯುವ ತನಕ ಕೀಳಬಾರದು, ಅಲುಗಿಸಲೂಬಾರದು. ಹಿಂದೊಮ್ಮೆ ಹೆಣ್ಣಿನ ಮನೆಯ ಹಾಲುಗಂಬಕ್ಕೆ ಗಾಡಿ ತಾಗಿ ಅದು ವಾಲಿತೆಂದು, ಈ ಅಜ್ಜಿ ತನ್ನ ತಮ್ಮನ ಮಗನ ದಿಬ್ಬಣವನ್ನೇ ಅರ್ಧ ದಾರಿಯಿಂದ ತಿರುಗಿಸಿಕೊಂಡು ಹೋಗಿದ್ದರು. ಈ ಕಥೆ ನಮ್ಮ ಕಿವಿಗೂ ಬಿದ್ದಿತ್ತು. ಹಾಗಾಗಿ ಕಂಬ ನೆಟ್ಟ ಗಳಿಗೆಯಿಂದ ಅಪ್ಪಯ್ಯ ಅದರ ಹತ್ತಿರ ಒಂದು ಕೋಳಿ ಹೋಗಲೂ ಬಿಡುತ್ತಿರಲಿಲ್ಲ.

ನಮ್ಮ ಅಂಗಳ ಚಿಕ್ಕದು. ಚಪ್ಪರ ರಸ್ತೆಯ ಅಂಚಿಗೆ ಬಂದಿತ್ತು, ಹಾಲುಗಂಬ ಸರಿಯಾಗಿ ಅಂಚಿನಲ್ಲಿ. ಮದುವೆಗೆ ಎರಡು ದಿನವಿದೆ ಎನ್ನುವಾಗ ನಲ್ಲಿ ನಿಂತಿತು. ಕಂಬದ ಬುಡದಲ್ಲಿ ನೆಲ ಒದ್ದೆಯಾಯಿತು. ನೀರಿನ ಆಫೀಸಿನ ಓವರ್ಸಿಯರ್ ಬಂದು ನೋಡಿ, ಪೈಪು ಒಡೆದದ್ದು ಕಂಬದ ಅಡಿಯಲ್ಲೇ, ಕಂಬ ಕಿತ್ತು ರಸ್ತೆ ಅಗೆಯದೆ ವಿಧಿಯಿಲ್ಲ ಎಂದರು. ಅಪ್ಪಯ್ಯ ಕೈಮುಗಿದರು. ಓವರ್ಸಿಯರ್ ಕೆಟ್ಟವರೇನಲ್ಲ, ಆದರೆ ಬೀದಿಗೆಲ್ಲ ನೀರಿಲ್ಲ, ಹೀಗೇ ಬಿಟ್ಟರೆ ನೆಲ ಕೆಸರಾಗಿ ನಾಳಿದ್ದು ನಿಮ್ಮ ಕಂಬ ತಾನೇ ಮಗುಚುತ್ತದೆ ಎಂದು ತಿಳಿಸಿ ಹೇಳಿದರು. ಅಗೆದರೂ ಕಂಬ ಹೋಗುತ್ತದೆ, ಅಗೆಯದಿದ್ದರೂ ಹೋಗುತ್ತದೆ. ನಾನು ಒಳಗೆ ಹೋಗಿ ಅಕ್ಕಿ ಮೂಟೆಯ ಹಿಂದೆ ಕೂತು ಅತ್ತೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಅತ್ತೆ.

ಅತ್ತು ಹೊರಗೆ ಬರುವಾಗ ದುಗ್ಗಪ್ಪಣ್ಣ ಕಂಬದ ಪಕ್ಕ ನೆಲಕ್ಕೆ ಕಿವಿ ಕೊಟ್ಟು ಮಲಗಿದ್ದ. ಎದ್ದು ಕಿವಿಯ ಮಣ್ಣು ಒರೆಸಿಕೊಂಡ.

"ಕಂಬ ಹಾಂಗೇ ಇರ್ಲಿ ಅಯ್ಯಾ. ರಸ್ತೆ ಆ ಕಡೆಯಿಂದ ಒಳಗೆ ಬರ್ತೀನಿ. ಮೇಲೆ ನಿಮ್ಮ ಮದ್ವೆ ನಡೀಲಿ, ಕೆಳಗೆ ನನ್ನ ಕೆಲ್ಸ ನಡೀತದೆ."

ಓವರ್ಸಿಯರ್ ತಲೆ ಕೆರೆದುಕೊಂಡರು. ಮದುವೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಗ್ಯಾಂಗು ಕರೆದುಕೊಂಡು ಬರುತ್ತೇನೆ, ಅಷ್ಟರಲ್ಲಿ ನೀರು ಬಂದಿದ್ದರೆ ಸರಿ, ಇಲ್ಲದಿದ್ದರೆ ಕಂಬ ಕೀಳಿಸುತ್ತೇನೆ ಎಂದು ಗಡುವು ಕೊಟ್ಟು ಹೋದರು.

ಮದುವೆಯ ಹಿಂದಿನ ದಿನ ಬೆಳಗಾಗುತ್ತಲೇ ದುಗ್ಗಪ್ಪಣ್ಣ ರಸ್ತೆಯ ಆಚೆ ಬದಿಯಿಂದ ಒಳಗೆ ಹೋದ. ಈಚೆ ಬದಿಯಲ್ಲಿ, ಕಂಬ ಅಲುಗಬಾರದೆಂದು ಅದರಿಂದ ಮೂರು ಹೆಜ್ಜೆ ಬಿಟ್ಟು, ಪೈಪು ಹಾದುಹೋದ ಸಾಲಿನಲ್ಲಿ ಬೆಳ್ಳಕ್ಕ ನಿಂತು ಒಂದೊಂದೇ ಬಡಿಯತೊಡಗಿದಳು. ಹತ್ತು ಗಂಟೆಯ ಹೊತ್ತಿಗೆ ಅರ್ಧ ರಸ್ತೆ ದಾಟಿದ್ದಾನೆ ಎಂದು ಹಗ್ಗ ಎಳೆಯುತ್ತಿದ್ದ ಆಳು ಬಂದು ಹೇಳಿದ. ಎಲ್ಲ ಸರಿಹೋಗುತ್ತದೆ ಎಂದು ಅವ್ವ ಕಾಫಿಗೆ ನೀರಿಟ್ಟಳು. ಅಷ್ಟರಲ್ಲಿ ರಿಪ್ಪನ್‌ಪೇಟೆ ಕಡೆಯ ಬಸ್ಸು ಬಂತು. ಅದರಿಂದ ಇಳಿದು, ಎರಡು ಜನ ನೆಂಟರ ಹೆಂಗಸರ ಜೊತೆಗೆ ನಮ್ಮ ಮನೆಯ ಕಡೆ ನಡೆದು ಬಂದವರು ಕೋಣಂದೂರಿನ ಅಜ್ಜಿ!

ದಿಬ್ಬಣ ಬರಬೇಕಾದದ್ದು ಮರುದಿನ. ಚಪ್ಪರ ಹೇಗಿದೆ ನೋಡೋಣ ಎಂದು ಒಂದು ದಿನ ಮುಂಚೆ ಬಂದೆ ಎಂದರು. ಅಪ್ಪಯ್ಯ ಓಡಿ ಹೋಗಿ ಗುಂಡಿಗೆ ಸೋಡಾ ಪೆಟ್ಟಿಗೆಗಳನ್ನು ಅಡ್ಡ ಇಟ್ಟರು. ಬೆಳ್ಳಕ್ಕನನ್ನು ಎಲ್ಲಿಗೆ ಬಚ್ಚಿಡುವುದು? ಅವಳು ನಿಂತಲ್ಲೇ ನಿಂತು ಬಡಿಯುತ್ತಿದ್ದಳು. ಇದೆಂಥದು ಎಂದು ಅಜ್ಜಿ ಕೇಳಿದರು.

ನಮ್ಮವ್ವ ಜನ್ಮದಲ್ಲಿ ಸರಿಯಾಗಿ ಒಂದು ಸುಳ್ಳು ಹೇಳಿದವಳಲ್ಲ. ಆ ದಿನ ಯಾವ ದೇವರು ಮೈಮೇಲೆ ಬಂದಿತ್ತೋ. "ಒನಕೆ ಶಾಸ್ತ್ರ. ಹಾಲುಗಂಬದ ಹತ್ರ ಬಡೀಬೇಕು. ನಮ್ಮ ಕಡೆ ಪದ್ಧತಿ" ಅಂದಳು.

ತನಗೆ ತಿಳಿಯದ ಶಾಸ್ತ್ರವೊಂದು ಭೂಮಿಯ ಮೇಲಿದೆ ಎಂದರೆ ಅಜ್ಜಿಗೆ ಆಶ್ಚರ್ಯ. ಮುಖ ಅರಳಿಸಿಕೊಂಡು ನೋಡುತ್ತ ನಿಂತರು. ಆಗ ಕೆಳಗಿನಿಂದ ಒಂದು ಕೆಮ್ಮು ಕೇಳಿತು. ತಕ್ಷಣ ಅವ್ವ ಕೆಮ್ಮಿದಳು. ಅಪ್ಪಯ್ಯ ಕೆಮ್ಮಿದರು. ಬಾಗಿಲಲ್ಲಿದ್ದ ನಾನೂ ಕೆಮ್ಮಿದೆ. ಈ ಮನೆಯಲ್ಲಿ ಎಲ್ಲರಿಗೂ ಕೆಮ್ಮಾ ಎಂದು ಅಜ್ಜಿ ನೆಂಟರ ಮುಖ ನೋಡಿದರು. ಅಯ್ಯೋ, ಹಲ್ಲಿಗೆ ಒಂದು ಹೋಯಿತು, ಸೀನಿಗೆ ಒಂದು ಹೋಯಿತು, ಈಗ ಕೆಮ್ಮಿಗೆ ಮೂರನೆಯದು ಎಂದುಕೊಂಡೆ. ರಸ್ತೆ ಧೂಳು ಎಂದು ಅಪ್ಪಯ್ಯ ಒಂದು ಲೋಟ ಸೋಡಾ ತಂದುಕೊಟ್ಟು ಮಾತು ಮರೆಸಿದರು.

ಸೋಡಾ ಕುಡಿದ ಅಜ್ಜಿಗೆ ಉಮೇದು ಹೆಚ್ಚಿತು. ನಿಮ್ಮ ಶಾಸ್ತ್ರ ನೋಡಿದ್ದಾಯಿತು, ಈಗ ನಮ್ಮದೂ ಆಗಲಿ, ಅರಿಶಿನ ಕುಟ್ಟುವ ಶಾಸ್ತ್ರ ನನ್ನ ಕಣ್ಣೆದುರೇ ನಡೆಯಲಿ ಎಂದರು. ಚಪ್ಪರದಲ್ಲೇ, ಜಗಲಿ ಮೆಟ್ಟಿಲ ಹತ್ತಿರ ಒರಳು ತಂದಿಟ್ಟರು. ನನ್ನನ್ನು ಮಣೆಯ ಮೇಲೆ ಕೂರಿಸಿ, ಏಳಬಾರದು, ಮಾತಾಡಬಾರದು ಎಂದು ಕಟ್ಟಪ್ಪಣೆಯಾಯಿತು. ಕುಟ್ಟಲು ಐದು ಜನ ಮುತ್ತೈದೆಯರು ಬೇಕು. ಅವ್ವ, ಪಕ್ಕದ ಮನೆಯಾಕೆ, ಅಜ್ಜಿಯ ಜೊತೆ ಬಂದ ಇಬ್ಬರು, ಒಟ್ಟು ನಾಲ್ಕಾಯಿತು. ಅಜ್ಜಿಯ ಕಣ್ಣು ಬೆಳ್ಳಕ್ಕನ ಮೇಲೆ ಬಿತ್ತು. ಒನಕೆ ಸಮೇತ ನಿಂತಿದ್ದಾಳೆ, ಇನ್ನೇನು ಬೇಕು! ಕೈಹಿಡಿದು ಎಳೆದುಕೊಂಡೇ ಬಂದರು. ಬೆಳ್ಳಕ್ಕ ಅವ್ವನ ಮುಖ ನೋಡಿದಳು, ಅವ್ವ ಅಪ್ಪಯ್ಯನ ಮುಖ ನೋಡಿದಳು. ಬಡಿತ ನಿಂತರೆ ಅವನು ಅಲ್ಲೇ ಕಾಯುತ್ತಾನೆ, ಚಿಂತೆಯಿಲ್ಲ ಎನ್ನುವಂತೆ ಅಪ್ಪಯ್ಯ ತಲೆಯಾಡಿಸಿದರು. ಬಡಿತ ನಿಲ್ಲುವುದಿಲ್ಲ, ಅದೇ ಒನಕೆ ಅದೇ ಕೈಯಲ್ಲಿ ಇನ್ನೊಂದು ಕಡೆ ಬಡಿಯುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅಜ್ಜಿ ಹಾಡಲು ಶುರುಮಾಡಿದರು. ಅರಿಶಿನ ಬಿತ್ತಿದ ಹಾಡು, ಅದು ಮೊಳೆತ ಹಾಡು, ಕಿತ್ತ ಹಾಡು, ಬೇಯಿಸಿದ ಹಾಡು, ಒಣಗಿಸಿದ ಹಾಡು. ಕುಟ್ಟುವ ಹಾಡಿಗೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಹಾಡು ಮುಗಿಯದೆ ಒನಕೆ ನಿಲ್ಲಿಸುವಂತಿಲ್ಲ. ಒರಳಿನಲ್ಲಿದ್ದ ಅರಿಶಿನ ಮುಖಕ್ಕೆ ಹಚ್ಚುವ ಪೌಡರಿಗಿಂತ ನುಣ್ಣಗಾಗಿತ್ತು. ಮೊದಲು ಒರಳು ಸ್ವಲ್ಪ ಎಡಕ್ಕೆ ವಾಲಿತು. ಅಜ್ಜಿ ಹಾಡುತ್ತಲೇ ಸನ್ನೆ ಮಾಡಿ ಒಂದು ಕಲ್ಲು ಚೂರು ಕೊಡಿಸಿದರು. ಮತ್ತೆ ಬಲಕ್ಕೆ ವಾಲಿತು. ಇನ್ನೊಂದು ಚೂರು. ಮೂರನೆಯ ಸಲ ಒರಳು ವಾಲಲಿಲ್ಲ, ದೊಪ್ಪೆಂದು ಒಂದು ಗೇಣು ಕೆಳಗೇ ಇಳಿಯಿತು. ಅರಿಶಿನ ಹೊಗೆಯ ಹಾಗೆ ಮೇಲೆದ್ದಿತು. ಒರಳಿನ ಪಕ್ಕದ ನೆಲ ಬಿರಿದು, ಪಿಕಾಸಿಯ ಮೂತಿ ಬಂತು, ಆಮೇಲೆ ಹಳದಿ ತಲೆಯೊಂದು 'ಹಾಕ್ಷಿ' ಎಂದು ಸೀನುತ್ತ ಮೇಲೆ ಬಂತು.

ನೆಂಟರ ಹೆಂಗಸೊಬ್ಬಳು ಒನಕೆ ಎಸೆದು ಬಸ್‌ಸ್ಟ್ಯಾಂಡಿನ ದಿಕ್ಕಿಗೆ ಓಡಿದಳು. ದುಗ್ಗಪ್ಪಣ್ಣ ಕಣ್ಣು ಪಿಳಿಪಿಳಿ ಮಾಡಿ, ಸೀರೆಯುಟ್ಟ ಸಾಲನ್ನೆಲ್ಲ ದಾಟಿ ಹೆಂಡತಿಯನ್ನು ಹುಡುಕಿದ.

"ಬೆಳ್ಳೀ, ಪೈಪೆಲ್ಲಿ?"

ಬೆಳ್ಳಕ್ಕ ಒನಕೆಯಿಂದ ಕಂಬದ ಕಡೆ ತೋರಿಸಿದಳು. ಅಜ್ಜಿ ನಿಧಾನವಾಗಿ ನಮ್ಮವ್ವನ ಕಡೆ ತಿರುಗಿದರು. ಅವ್ವನ ಹತ್ತಿರ ಇದ್ದ ಸುಳ್ಳು ಬೆಳಿಗ್ಗೆಯೇ ಖರ್ಚಾಗಿತ್ತು. ನನಗೆ ಏನನ್ನಿಸಿತೋ, ಮಣೆಯಿಂದ ಎದ್ದು ನಿಂತೆ.

"ಅಜ್ಜಿ, ಒನಕೆ ಶಾಸ್ತ್ರ ಸುಳ್ಳು. ಕೆಮ್ಮೂ ಸುಳ್ಳು. ಕಂಬದ ಅಡಿ ಪೈಪು ಒಡ್ದಿದೆ. ಕಂಬ ಕಿತ್ರೆ ನೀವು ಮದ್ವೆ ನಿಲ್ಲಿಸ್ತೀರಿ ಅಂತ ಇವ್ನು ಬೆಳಗಿಂದ ನೆಲದೊಳಗೆ ಇದ್ದಾನೆ. ನಂಗೆ ಈ ಮದ್ವೆ ಬೇಕು."

ಮದುಮಗಳು ಹೀಗೆ ಮಾತಾಡಿದ್ದನ್ನು ಆ ಬೀದಿ ಕೇಳಿರಲಿಲ್ಲ. ಅಪ್ಪಯ್ಯ ಕಣ್ಣು ಮುಚ್ಚಿಕೊಂಡರು. ಅಜ್ಜಿ ನೇರ ಹಾಲುಗಂಬದ ಹತ್ತಿರ ನಡೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಅದನ್ನು ಹಿಡಿದು, ಗಟ್ಟಿಯಾಗಿ ಅಲುಗಿಸಿ ನೋಡಿದರು. ಅಲುಗಿಸಬಾರದ ಕಂಬವನ್ನು ಅಲುಗಿಸುತ್ತಿರುವವರು ಅವರೇ ಎಂದು ಹೇಳುವ ಧೈರ್ಯ ಯಾರಿಗಿದೆ? ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ. ಕಂಬ ಒಂದು ಕೂದಲಿನಷ್ಟೂ ಮಿಸುಕಲಿಲ್ಲ.

"ಇದನ್ನ ಮುಟ್ಟಿದ್ಯೇನಾ?" ಎಂದು ಹಳದಿ ತಲೆಯನ್ನು ಕೇಳಿದರು.

"ಇಲ್ಲಮ್ಮ. ಸುತ್ತ ಎರಡು ಮೊಳ ಮಣ್ಣು ಬಿಟ್ಟು ಬಂದಿದ್ದೀನಿ. ಕಂಬಕ್ಕೆ ಗೊತ್ತೇ ಇಲ್ಲ."

ಅಜ್ಜಿ ಅವನನ್ನು ನೋಡಿದರು, ಕಂಬವನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ಕಂಬಕ್ಕೆ ಗೊತ್ತಿಲ್ಲ ಅಂದ್ಮೇಲೆ ನಂಗೂ ಗೊತ್ತಿಲ್ಲ" ಎಂದರು.

ಎಂದವರು ಬೆಳ್ಳಕ್ಕನ ಕೈಯಿಂದ ಒನಕೆ ಕಿತ್ತುಕೊಂಡು, ಎಲ್ಲಿ ಬಡಿಯಬೇಕು ತೋರಿಸು ಎಂದು ಹೊರಟೇಬಿಟ್ಟರು. ದುಗ್ಗಪ್ಪಣ್ಣ ಮೈಯೆಲ್ಲ ನೋಡಿಕೊಂಡು, ಮದುಮಗನಿಗಿಂತ ಮೊದಲು ತನಗೇ ಅರಿಶಿನವಾಯಿತಲ್ಲ ಎಂದು ಹಲ್ಲು ಕಿರಿದ. ಆ ದಿನ ಬೆಳ್ಳಕ್ಕ ಆಡಿದ ಮಾತು ಅದೊಂದೇ: "ಇನ್ನೊಂದು ಮದ್ವೆ ಆಸೆನಾ? ಇಳಿ ಒಳಗೆ." ಅವನು ಇಳಿದ. ಅಜ್ಜಿ ಸೂರ್ಯ ಇಳಿಯುವ ತನಕ ಹಾಡುತ್ತ ಬಡಿದರು. ಆಮೇಲೆ ದುಗ್ಗಪ್ಪಣ್ಣ ಹೇಳುತ್ತಿದ್ದ ಪ್ರಕಾರ ಅವರ ಬಡಿತಕ್ಕೆ ಚಿಮಣಿ ಬುಡ್ಡಿ ಎರಡು ಸಲ ಆರಿತ್ತಂತೆ. ಹೊತ್ತು ಮುಳುಗುವ ಮುಂಚೆ ನಲ್ಲಿ ಗೊರಗೊರ ಎಂದಿತು, ಕೆಂಪು ನೀರು ಕಾರಿತು, ಆಮೇಲೆ ತಿಳಿನೀರು ಬಂತು. ಅವ್ವ ಆ ನೀರಿಗೆ ಕುಂಕುಮ ಹಾಕಿ ಕೈಮುಗಿದಳು.

ಮರುದಿನ ಏಳು ಗಂಟೆಗೆ ಓವರ್ಸಿಯರ್ ಗ್ಯಾಂಗು ಕರೆದುಕೊಂಡು ಬಂದರೆ ನಲ್ಲಿಯಲ್ಲಿ ನೀರು, ನೆಲದ ಮೇಲೆ ರಂಗೋಲಿ. ಒರಳು ಇಳಿದ ಜಾಗಕ್ಕೆ ಮಣ್ಣು ಗಿಡಿದು ಅದರ ಮೇಲೇ ದೊಡ್ಡ ಹೂವು ಬರೆದಿದ್ದರು. ಕಂಬದ ಹತ್ತಿರ ಎಲ್ಲಿ ಅಗೆದದ್ದು ಎಂದು ಅವರು ಎರಡು ಸುತ್ತು ಹುಡುಕಿ, ಸಿಗದೆ, ತಿಂಡಿಗೆ ಕೂತರು. ಗ್ಯಾಂಗಿನವರೂ ಪಿಕಾಸಿ ಮೂಲೆಗಿಟ್ಟು ಕೂತರು.

ಬಾರದವನು ದುಗ್ಗಪ್ಪಣ್ಣ ಒಬ್ಬನೇ. ಧಾರೆಯಾಯಿತು, ಊಟಕ್ಕೆ ಎಲೆ ಹಾಕಿದರು, ಅವನ ಪತ್ತೆಯಿಲ್ಲ. ಗುಂಡಿ ಮುಚ್ಚುವುದು ಬಾಕಿಯಿದೆ ಎಂದು ನೆಪ ಹೇಳಿ ಅದರೊಳಗೇ ಕೂತಿದ್ದಾನೆ ಎಂದು ತಿಳಿಯಿತು. ನಮ್ಮವರು, ಅಂದರೆ ಆಗಷ್ಟೇ ನಮ್ಮವರಾದವರು, ಎದ್ದು ಹೋಗಿ ಗುಂಡಿಗೆ ಬಗ್ಗಿ ಊಟಕ್ಕೆ ಕರೆದರು. ಬಗ್ಗಿದ್ದಕ್ಕೆ ಬಾಸಿಂಗ ಕಳಚಿ ಒಳಗೆ ಬಿತ್ತು. ಒಳಗಿನಿಂದ ಒಂದು ಕೈ ಅದನ್ನು ಜೋಪಾನವಾಗಿ ಎತ್ತಿ ಕೊಟ್ಟಿತು. ಮೇಲೆ ಬರಲು ಮಾತ್ರ ಒಪ್ಪಲಿಲ್ಲ. ಇಷ್ಟು ವರ್ಷ ನೆಲದೊಳಗೆ ಕೆಲಸ ಮಾಡಿದ್ದೇನೆ, ಒಬ್ಬರಿಗೂ ಗೊತ್ತಾಗಿರಲಿಲ್ಲ, ನಿನ್ನೆ ಐದು ಜನ ಮುತ್ತೈದೆಯರು ನೋಡಿಬಿಟ್ಟರು, ಯಾವ ಮುಖ ಇಟ್ಟುಕೊಂಡು ಬರಲಿ ಎಂದನಂತೆ. ಅವನಿಗೆ ಅದು ನಿಜವಾಗಿಯೂ ಅವಮಾನವಾಗಿತ್ತು. ಅಜ್ಜಿ ಇದನ್ನು ಕೇಳಿ, ಹಾಗಾದರೆ ಊಟವೇ ಅಲ್ಲಿಗೆ ಹೋಗಲಿ ಎಂದರು. ಎರಡು ಎಲೆ ಗುಂಡಿಗಿಳಿದವು. ಬೆಳ್ಳಕ್ಕನೂ ಇಳಿದಳು. ಹೋಳಿಗೆ ಬಡಿಸುವವರು ಪಂಕ್ತಿ ಮುಗಿಸಿ ರಸ್ತೆ ದಾಟಿ, ಗುಂಡಿಗೂ ಒಂದು ಸುತ್ತು ಬಡಿಸಿ ಬರುತ್ತಿದ್ದರು.

ಆಮೇಲೆ ನಾನು ತವರಿಗೆ ಬಂದಾಗಲೆಲ್ಲ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ, ಎಲ್ಲಾದರೂ ಕೆಳಗಿನಿಂದ, ಕೋಣಂದೂರು ತಂಗಿ ಬಂತು ಎಂಬ ದನಿ ಕೇಳಿಸುವುದಿತ್ತು. ಒಂದು ಸಲ ಹಾಗೆ ನಡೆದು ಬರುವಾಗ ಕೆಳಗಿನ ದನಿ ಸ್ವಲ್ಪ ತಡೆದು, "ತಂಗಿ, ನಿಧಾನ ನಡಿ. ಮನೇಲಿ ಹೇಳಿದ್ಯಾ?" ಎಂದಿತು. ನಾನು ಯಾರಿಗೂ ಹೇಳಿರಲಿಲ್ಲ. ನನಗೇ ಗಟ್ಟಿಯಾಗಿ ಗೊತ್ತಿರಲಿಲ್ಲ. ನಡುರಸ್ತೆಯಲ್ಲಿ ನಿಂತು ಕಿವಿತನಕ ಕೆಂಪಾದೆ. ಹುಟ್ಟಿದ ಮೇಲೆ ಮಗುವನ್ನು ಗುಂಡಿಯ ಅಂಚಿಗೆ ಒಯ್ದು ತೋರಿಸಿದರೆ, ಅವನು ಮುಖ ನೋಡುವ ಮೊದಲು ಅದರ ಅಂಗಾಲು ನೋಡಿದ.

ಕೆಲವು ವರ್ಷದ ಮೇಲೆ ಮಂಡಿ ನೋವು ಬಂದು ಅವನು ಕೆಲಸ ಬಿಟ್ಟು ಹುಲಿಕಲ್ಲಿಗೆ ಹೋದ. ಅವನು ಸತ್ತ ಸುದ್ದಿ ನಮಗೆ ತಡವಾಗಿ ಮುಟ್ಟಿತು. ಯಾವಾಗಲೋ ಮಣ್ಣು ಕುಸಿದು ಹೋಗುತ್ತಾನೆ ಎಂದು ಊರೆಲ್ಲ ಅಂದುಕೊಂಡಿದ್ದರೆ, ಅವನು ಮಂಚದ ಮೇಲೆ ಮಲಗಿದ್ದಲ್ಲೇ ಹೋಗಿದ್ದ. ನಾನೂ ನಮ್ಮವರೂ ಹುಲಿಕಲ್ಲಿಗೆ ಹೋದೆವು. ಬೆಳ್ಳಕ್ಕ ಬೆಲ್ಲ ನೀರು ಕೊಟ್ಟು ಎದುರಿಗೆ ಕೂತಳು. ಕೂತವಳು ಹೇಳಿದಳು:

"ಊಟಕ್ಕೆ ಎರಡು ಬಡ್ದೆ. ಬರ್ಲಿಲ್ಲ. ಇನ್ನೆರಡು ಬಡ್ದೆ. ಆವಾಗ ಗೊತ್ತಾತು."

ಅವಳಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು. ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಹೊರಡುವಾಗ ಅವಳು ಒನಕೆಯನ್ನು ನನ್ನ ಕೈಗೆ ಕೊಟ್ಟಳು, ಬೇಡ ಎಂದರೂ ಕೇಳಲಿಲ್ಲ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತಿದ್ದೆ, ಕಂಡಕ್ಟರು ಓಡಾಡಲು ಜಾಗವಿಲ್ಲ ಎಂದು ಬೈಯುತ್ತಲೇ ಇದ್ದ.

ಈಗ ನಮ್ಮ ಕೋಣಂದೂರಿನ ಮನೆಯಲ್ಲಿ ಯಾವ ಮದುವೆಯಾದರೂ ಹಾಲುಗಂಬದ ಹತ್ತಿರ ಒನಕೆ ಶಾಸ್ತ್ರ ತಪ್ಪುವುದಿಲ್ಲ. ಅಜ್ಜಿ ಬದುಕಿರುವಾಗಲೇ ಅದನ್ನು ಖಾಯಂ ಮಾಡಿ ಹೋದರು. ಸುಳ್ಳೆಂದು ನಾನೇ ಒಪ್ಪಿಕೊಂಡಿದ್ದರೂ ಬಿಡಲಿಲ್ಲ, ಪದ್ಧತಿ ಚೆನ್ನಾಗಿದೆ, ಇರಲಿ ಎಂದರು. ಮನೆಯ ಹಿರಿಯಳು ಬೆಳ್ಳಕ್ಕನ ಒನಕೆಯಿಂದ ಎರಡು ಸಲ ನೆಲಕ್ಕೆ ಬಡಿದು, ಒಂದು ಗಳಿಗೆ ಸುಮ್ಮನೆ ನಿಲ್ಲಬೇಕು. ಈಗ ಆ ಹಿರಿಯಳು ನಾನೇ. ಯಾಕೆ ನಿಲ್ಲಬೇಕು ಎಂದು ಮೊಮ್ಮಕ್ಕಳು ಕೇಳುತ್ತಾರೆ, ನಮ್ಮ ಕಡೆ ಪದ್ಧತಿ ಎನ್ನುತ್ತೇನೆ. ಟಕಟಕ ಎಂದು ಎರಡು ಬಡಿದು, ನೆಲ ನೋಡುತ್ತ ನಿಲ್ಲುತ್ತೇನೆ. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡುತ್ತಾರೆ. ನಾನು ಪೂರ್ತಿ ಒಂದು ಗಳಿಗೆ ಕಾಯುತ್ತೇನೆ.